ಪಟ್ಟೆ ಎಲೆಯ ಪುಟ್ಟ ಗಿಡ ಮತ್ತು ಹಾವರ್ತ್



ಪೇಟೆಯ ನರ್ಸರಿಗೆ ಹೋದಾಗ ಅಂಗೈಯಗಲದ ಕುಂಡಗಳಲ್ಲಿ ಒಂದು ಪುಟ್ಟ ಗಿಡವನ್ನು ನೀವು ನೋಡಿರಬಹುದು. ದೂರದಿಂದ ಲೋಳೆಸರದ ಮರಿಯಂತೆ ಕಾಣುತ್ತದೆ. ಹತ್ತಿರ ಹೋದರೆ ಕಡು ಹಸಿರು ಎಲೆಗಳ ಬೆನ್ನ ಮೇಲೆ ಸುಣ್ಣದಿಂದ ಎಳೆದಂತಹ ಅಡ್ಡ ಗೆರೆಗಳು. ಎತ್ತರ ಒಂದು ಗೇಣಿನೊಳಗೆ. ಮಾರುವವರು ಇದಕ್ಕೆ ಜೀಬ್ರಾ ಗಿಡ ಎನ್ನುತ್ತಾರೆ. ಸಸ್ಯಶಾಸ್ತ್ರದವರು ಬಹಳ ಕಾಲ ಹಾವರ್ತಿಯಾ ಎಂದು ಕರೆದರು.

ಹಾವರ್ತಿಯಾ ಎಂಬುದು ಒಬ್ಬ ಮನುಷ್ಯನ ನೆನಪಿಗೆ ಇಟ್ಟ ಹೆಸರು. ಆತ ಇಂಗ್ಲೆಂಡಿನ ಏಡ್ರಿಯನ್ ಹಾರ್ಡಿ ಹಾವರ್ತ್. ತೀರಿಕೊಂಡು 190 ವರ್ಷಗಳ ಮೇಲಾಯಿತು. ಅಷ್ಟು ದೂರದ ದೇಶದವನ ಕತೆ ನಮಗೇಕೆ ಎಂದು ನೀವು ಕೇಳಬಹುದು. ನಿಮ್ಮ ಹೊಲದ ಬದುವಿನ ಪಾಪಾಸುಕಳ್ಳಿಗೂ, ಮನೆಯಂಗಳದಲ್ಲಿ ಮಳೆಗಾಲದ ರಾತ್ರಿ ಅರಳುವ ಬ್ರಹ್ಮಕಮಲಕ್ಕೂ ಸಸ್ಯಶಾಸ್ತ್ರದ ಪಟ್ಟಿಯಲ್ಲಿ ಇಂದಿರುವ ಹೆಸರುಗಳು ಈತನ ಲೇಖನಿಯಿಂದ ಬಂದವು. ಗಿಡವನ್ನು ಸರಿಯಾಗಿ ಗುರುತಿಸಿದರೆ ಏನು ಲಾಭ, ಗುರುತಿಸದಿದ್ದರೆ ಏನು ನಷ್ಟ ಎಂಬುದನ್ನು ಈ ಕತೆಯಿಂದ ತಿಳಿಯಬಹುದು.

ವಕೀಲಿ ಬಿಟ್ಟ ಹುಡುಗ

ಹಾವರ್ತ್ ಹುಟ್ಟಿದ್ದು 1767ರ ಏಪ್ರಿಲ್ 19ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಸ್ಥಿತಿವಂತರ ಮನೆತನ. ಓದಿದ್ದು ಊರಿನ ಗ್ರಾಮರ್ ಶಾಲೆಯಲ್ಲಿ. ಮಗ ಕಾನೂನು ಕಲಿತು ಮರ್ಯಾದೆಯ ವೃತ್ತಿ ಹಿಡಿಯಲಿ ಎಂಬುದು ಹಿರಿಯರ ಆಸೆ. ಅದರಂತೆ ಹುಡುಗನನ್ನು ವಕೀಲಿ ಕಲಿಯಲು ಬಿಟ್ಟರು. ಕಲಿಯುವುದೇನೋ ಆಯಿತು, ಮನಸ್ಸು ಮಾತ್ರ ಅಲ್ಲಿ ನಿಲ್ಲಲಿಲ್ಲ. ಅವನಿಗೆ ಬೇಕಾಗಿದ್ದುದು ಚಿಟ್ಟೆ, ಪತಂಗ, ಗಿಡ, ಹೂವು.

ತಂದೆತಾಯಿ ತೀರಿಕೊಂಡ ಮೇಲೆ ಪಿತ್ರಾರ್ಜಿತ ಆಸ್ತಿ ಕೈಗೆ ಬಂತು. ದುಡಿದೇ ಉಣ್ಣಬೇಕೆಂಬ ಒತ್ತಾಯ ಇರಲಿಲ್ಲ. ಅಂತಹ ಸ್ಥಿತಿಯಲ್ಲಿ ಎಷ್ಟೋ ಮಂದಿ ಬೇಟೆ, ಜೂಜು, ಔತಣಗಳಲ್ಲಿ ಕಾಲ ಕಳೆಯುತ್ತಾರೆ. ಹಾವರ್ತ್ ವಕೀಲಿಯನ್ನು ಬಿಟ್ಟು 1792ರ ಸುಮಾರಿಗೆ ಲಂಡನ್ನಿನ ಅಂಚಿನ ಲಿಟ್ಲ್ ಚೆಲ್ಸಿ ಎಂಬಲ್ಲಿ ಮನೆ ಮಾಡಿದ. ಹಾಗೆ ನೆಲೆಸಲು ಅದು ತಕ್ಕ ಜಾಗ. 1673ರಿಂದ ನಡೆದು ಬಂದ ಔಷಧಿ ಸಸ್ಯಗಳ ತೋಟ ಚೆಲ್ಸಿಯಲ್ಲಿತ್ತು. ಸಸಿ ಬೆಳೆಸಿ ಮಾರುವ ನರ್ಸರಿಗಳೂ ಇದ್ದವು. ಲಂಡನ್ನಿನ ಅದೇ ಪಶ್ಚಿಮ ಭಾಗದಲ್ಲಿ ಮುಂದೆ ಹೋದರೆ ಕ್ಯೂ ಎಂಬ ರಾಜರ ತೋಟ. ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ದೊಡ್ಡ ಸಸ್ಯಪ್ರೇಮಿಯ ಸ್ನೇಹವೂ ಹಾವರ್ತ್‌ಗೆ ದೊರಕಿತು. ಅವರ ಪುಸ್ತಕ ಭಂಡಾರ ಮತ್ತು ಒಣಗಿಸಿಟ್ಟ ಸಸ್ಯಗಳ ಸಂಗ್ರಹ ಈತನಿಗೆ ತೆರೆದೇ ಇದ್ದವು. 1798ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಇವನನ್ನು ಸದಸ್ಯನಾಗಿ ಸೇರಿಸಿಕೊಂಡಿತು.

ಕೇಪ್ ಪ್ರಾಂತ್ಯದಿಂದ ಬಂದ ಗಿಡಗಳು

ಆ ಕಾಲದಲ್ಲಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯದಿಂದ ಹಡಗುಗಳಲ್ಲಿ ವಿಚಿತ್ರವಾದ ಗಿಡಗಳು ಇಂಗ್ಲೆಂಡಿಗೆ ಬರುತ್ತಿದ್ದವು. ಕ್ಯೂ ತೋಟದಿಂದ ಫ್ರಾನ್ಸಿಸ್ ಮ್ಯಾಸನ್ ಎಂಬಾತ 1772ರಲ್ಲಿ ಕೇಪ್‌ಗೆ ಹೋಗಿ ಮೂರು ವರ್ಷ ತಿರುಗಾಡಿ ಗಿಡ ಕಲೆಹಾಕಿದ್ದ. 1786ರಲ್ಲಿ ಮತ್ತೆ ಹೋಗಿ 1795ರವರೆಗೆ ಅಲ್ಲಿದ್ದ. ಆಮೇಲೆ ಜೇಮ್ಸ್ ಬೋವಿ ಎಂಬಾತನೂ 1823ರವರೆಗೆ ಅಲ್ಲಿಂದ ಗಿಡ ಕಳುಹಿಸಿದ. ಇವುಗಳಲ್ಲಿ ಎಲೆಯಲ್ಲೇ ನೀರು ತುಂಬಿಟ್ಟುಕೊಂಡು ಬರವನ್ನು ಕಳೆಯುವ ರಸಭರಿತ ಗಿಡಗಳು ಬಹಳ. ನಮ್ಮ ಲೋಳೆಸರ ಇಂತಹ ಗಿಡಗಳಿಗೆ ಒಳ್ಳೆಯ ಉದಾಹರಣೆ.

ಈ ಗಿಡಗಳು ಪಂಡಿತರಿಗೆ ತಲೆನೋವು ತಂದವು. ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ಇಟ್ಟುಕೊಂಡು ಒಂದಕ್ಕೊಂದು ಹೋಲಿಸುವುದು ಸಸ್ಯಶಾಸ್ತ್ರದ ಹಳೆಯ ಪದ್ಧತಿ. ಜೋಳದ ಗರಿಯನ್ನೋ ತೊಗರಿಯ ಕೊಂಬೆಯನ್ನೋ ಹೀಗೆ ಸುಲಭವಾಗಿ ಒಣಗಿಸಬಹುದು. ಲೋಳೆಸರದ ಎಲೆಯನ್ನು ಒತ್ತಿ ಇಟ್ಟು ನೋಡಿ. ಕೊಳೆಯುತ್ತದೆ, ಇಲ್ಲವೇ ಕಪ್ಪಾಗಿ ಆಕಾರ ಕಳೆದುಕೊಳ್ಳುತ್ತದೆ. ಕೆಲವು ಜಾತಿಗಳು ಕಾಗದದ ನಡುವೆಯೇ ಚಿಗುರುವುದೂ ಉಂಟು. ಹೀಗಾಗಿ ಅನೇಕ ಪಂಡಿತರು ಇವುಗಳ ಗೊಡವೆಗೆ ಹೋಗುತ್ತಿರಲಿಲ್ಲ.

ಹಾವರ್ತ್ ಹಿಡಿದ ದಾರಿ ರೈತರಾದ ನಿಮಗೆ ಹೊಸದಲ್ಲ. ಗಿಡಗಳನ್ನು ತಾನೇ ಕುಂಡದಲ್ಲಿ ಬೆಳೆಸಿದ. ಬೇರೆ ತೋಟಗಳಿಗೆ ಮತ್ತೆ ಮತ್ತೆ ಹೋಗಿ ಜೀವಂತ ಗಿಡಗಳನ್ನು ಕಂಡ. ಎಳೆಯದರಲ್ಲಿ ಎಲೆ ಹೇಗಿದೆ, ಬಲಿತಾಗ ಹೇಗೆ ತಿರುಗುತ್ತದೆ, ಹೂ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದ. ಬೀಜದಂಗಡಿಯ ಚೀಟಿ ಏನೇ ಹೇಳಲಿ, ಹೊಲದಲ್ಲಿ ಪೈರು ನೋಡಿಯೇ ತಳಿಯನ್ನು ಹೇಳುವ ಹಿರಿಯರು ನಿಮ್ಮ ಊರಿನಲ್ಲೂ ಇದ್ದಾರಲ್ಲವೇ? ಇವನದೂ ಅದೇ ಬಗೆಯ ಕಣ್ಣು.

1794ರಲ್ಲಿ ಮೆಸೆಂಬ್ರಿಯಾಂತಿಮಮ್ ಎಂಬ ರಸಭರಿತ ಗಿಡಗಳ ಗುಂಪಿನ ಮೇಲೆ ಆತನ ಪುಸ್ತಕ ಹೊರಬಂತು. ಆಗ ವಯಸ್ಸು 27. 1804ರಲ್ಲಿ ಲೋಳೆಸರದ ಬಳಗವನ್ನು ಹೊಸದಾಗಿ ವಿಂಗಡಿಸಿ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಬರೆದ. ನಾವು ಹೇಳುತ್ತಿರುವ ಪಟ್ಟೆ ಗಿಡಕ್ಕೆ ಅಟೆನ್ಯುವೇಟಾ ಎಂಬ ಹೆಸರು ಸಿಕ್ಕಿದ್ದು ಅಲ್ಲಿಯೇ. ತುದಿಗೆ ಹೋದಂತೆ ಸಪೂರವಾಗುವುದು ಎಂದು ಅದರ ಅರ್ಥ. ಎಲೆಯನ್ನು ನೋಡಿದರೆ ಹೆಸರು ಎಷ್ಟು ಒಪ್ಪುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಯುದ್ಧದ ನಡುವೆ ಬಂದ ಗೌರವ

ಸ್ವೀಡನ್ನಿನ ಲಿನೀಯಸ್ 1753ರಲ್ಲಿ ಇಂತಹ ಪುಟ್ಟ ಗಿಡಗಳನ್ನೂ ದೊಡ್ಡ ಲೋಳೆಸರಗಳನ್ನೂ ಒಂದೇ ಗುಂಪಿಗೆ ಸೇರಿಸಿದ್ದ. ಆದರೆ ಹೂವನ್ನು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಲೋಳೆಸರದ ಹೂ ಕೊಳವೆಯಂತೆ ಜೋತು ಬೀಳುತ್ತದೆ, ಬಣ್ಣ ಹಳದಿ ಅಥವಾ ಕೆಂಪು. ಪುಟ್ಟ ಗಿಡದ ಹೂ ಚಿಕ್ಕದು, ಬಿಳಿಚು, ಬಾಯಿ ಎರಡು ತುಟಿಗಳಾಗಿ ಸೀಳಿರುತ್ತದೆ. 1809ರಲ್ಲಿ ಫ್ರಾನ್ಸಿನ ಹೆನ್ರಿ ಆಗಸ್ಟ್ ದುವಾಲ್ ಎಂಬಾತ ಇವುಗಳನ್ನು ಬೇರೆ ಗುಂಪು ಮಾಡಿ ಹಾವರ್ತಿಯಾ ಎಂದು ಹೆಸರಿಟ್ಟ.

ಆ ವರ್ಷ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿತ್ತು. ನೆಪೋಲಿಯನ್ ಚಕ್ರವರ್ತಿಯ ಕಾಲ. ಅಂತಹ ಹೊತ್ತಿನಲ್ಲಿ ಫ್ರೆಂಚನೊಬ್ಬ ಶತ್ರುದೇಶದ ಮನುಷ್ಯನ ಹೆಸರನ್ನು ಗಿಡಕ್ಕೆ ಇಟ್ಟ. ಹಾವರ್ತ್ ಕೂಡ ಆ ಗುಂಪನ್ನು ಒಪ್ಪಿ 1812ರ ತನ್ನ ದೊಡ್ಡ ಪುಸ್ತಕದಲ್ಲಿ ಬಳಸಿದ. ರಸಭರಿತ ಗಿಡಗಳನ್ನು ಒಂದೆಡೆ ತಂದು ವಿವರಿಸಿದ ಪುಸ್ತಕ ಅದು. 1819ರಲ್ಲಿ ಅದಕ್ಕೆ ಪೂರಕ ಗ್ರಂಥವೂ ಬಂತು.

ನೀವೇ ಗುರುತಿಸಿ

ನರ್ಸರಿಯಲ್ಲಿ ಈ ಪಟ್ಟೆ ಗಿಡದ ಕುಂಡಕ್ಕೆ ಅನೇಕ ವೇಳೆ ಫ್ಯಾಸಿಯೇಟಾ ಎಂಬ ಚೀಟಿ ಅಂಟಿಸಿರುತ್ತಾರೆ. ಹೆಚ್ಚಿನ ಪಾಲು ಅದು ತಪ್ಪು. ಮಾರಾಟಕ್ಕೆ ಬರುವುದು ಬಹುಮಟ್ಟಿಗೆ ಅಟೆನ್ಯುವೇಟಾ. ಎರಡೂ ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದವು, ಅಕ್ಕತಂಗಿಯರಂತೆ ಕಾಣುತ್ತವೆ. ಬೇರ್ಪಡಿಸಲು ಪುಸ್ತಕ ಬೇಡ, ಭೂತಗನ್ನಡಿ ಬೇಡ, ಬೆರಳು ಸಾಕು.

ಎಲೆಯ ಒಳಮೈಯನ್ನು, ಅಂದರೆ ಗಿಡದ ನಡುವಿಗೆ ಮುಖ ಮಾಡಿರುವ ಬದಿಯನ್ನು ಬೆರಳಿನಿಂದ ಸವರಿ. ಅಲ್ಲಿಯೂ ಬಿಳಿ ಹರಳುಗಳು ತರಿತರಿಯಾಗಿ ತಗುಲಿದರೆ ಅದು ಅಟೆನ್ಯುವೇಟಾ. ಒಳಮೈ ನಯವಾಗಿದ್ದು, ಬಿಳಿ ಗೆರೆಗಳು ಬೆನ್ನ ಮೇಲೆ ಮಾತ್ರ ಇದ್ದರೆ ಫ್ಯಾಸಿಯೇಟಾ. ಫ್ಯಾಸಿಯೇಟಾದ ಎಲೆ ಹೆಚ್ಚು ದಪ್ಪ, ಅಗಲ, ಒಳಕ್ಕೆ ಬಾಗಿರುತ್ತದೆ. ಅಟೆನ್ಯುವೇಟಾದ ಎಲೆ ಸಪೂರ, ಹೊರಕ್ಕೆ ಹರಡುತ್ತದೆ.

ಲೋಳೆಸರದ ಮರಿಯಿಂದ ಬೇರ್ಪಡಿಸುವುದೂ ಸುಲಭ. ಎಳೆಯ ಲೋಳೆಸರದ ಎಲೆಯಲ್ಲೂ ಬಿಳಿ ಮಚ್ಚೆಗಳಿರುತ್ತವೆ. ಆದರೆ ಅವು ಬರಿಯ ಬಣ್ಣ, ಕೈಗೆ ಉಬ್ಬು ತಗುಲುವುದಿಲ್ಲ. ಲೋಳೆಸರದ ಎಲೆಯಂಚಿಗೆ ಹಲ್ಲಿನಂತಹ ಮುಳ್ಳುಗಳಿರುತ್ತವೆ. ಪಟ್ಟೆ ಗಿಡ ಬರಿಯ ಅಲಂಕಾರಕ್ಕೆ. ಲೋಳೆಸರವೆಂದು ತಿಳಿದು ಇದರ ರಸವನ್ನು ಔಷಧಿಗೆ ತೆಗೆಯಬೇಡಿ.

ಇನ್ನೊಂದು ಮಾತು ತಿಳಿದಿರಲಿ. 2013ರಲ್ಲಿ ಗಾರ್ಡನ್ ರೌಲಿ ಎಂಬ ಪಂಡಿತ ಹಾವರ್ತಿಯಾ ಗುಂಪನ್ನು ಒಡೆದು, ಪಟ್ಟೆ ಗಿಡಗಳನ್ನು ಹಾವರ್ತಿಯಾಪ್ಸಿಸ್ ಎಂಬ ಗುಂಪಿಗೆ ಸೇರಿಸಿದ. ಹಾವರ್ತಿಯಾವನ್ನು ಹೋಲುವುದು ಎಂದು ಅದರ ಅರ್ಥ. ಹೊಸ ಚೀಟಿಯಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ, ಗಿಡ ಅದೇ. ಹಾವರ್ತ್ ಇಟ್ಟ ಅಟೆನ್ಯುವೇಟಾ ಎಂಬ ಭಾಗವೂ ಹಾಗೆಯೇ ಉಳಿದಿದೆ.

ಹೆಸರಿನ ತಪ್ಪು, ಹೊಲದ ನಷ್ಟ

ಕಳ್ಳಿಗಳನ್ನೂ ಹಾವರ್ತ್ ಇಷ್ಟೇ ಶ್ರದ್ಧೆಯಿಂದ ವಿಂಗಡಿಸಿದ. ಎಪಿಫಿಲಮ್ ಎಂಬ ಗುಂಪನ್ನು 1812ರಲ್ಲಿ ಸ್ಥಾಪಿಸಿದ್ದು ಅವನೇ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲವನ್ನು 1829ರಲ್ಲಿ ಆ ಗುಂಪಿಗೆ ಸೇರಿಸಿದ್ದೂ ಅವನೇ. ಅದು ಅಮೆರಿಕ ಖಂಡದ ಕಳ್ಳಿ. ಹಿಮಾಲಯದಲ್ಲಿ ಬ್ರಹ್ಮಕಮಲವೆಂದು ಪೂಜೆಗೆ ಬಳಸುವ ಹೂವಿನ ಗಿಡವೇ ಬೇರೆ. ಒಂದೇ ಹೆಸರಿನ ಎರಡು ಗಿಡ ಎಂದರೆ ಹೀಗೆ.

ಬ್ರಹ್ಮಕಮಲದ ವಿಷಯದಲ್ಲಿ ತಪ್ಪು ತಿಳಿದರೆ ಯಾರಿಗೂ ನಷ್ಟವಿಲ್ಲ. ಪಾಪಾಸುಕಳ್ಳಿಯ ವಿಷಯ ಹಾಗಲ್ಲ. ಅದೂ ಅಮೆರಿಕ ಖಂಡದಿಂದ ಬಂದದ್ದು. ಅದರಲ್ಲಿ ಹಲವು ಜಾತಿ. ನಮ್ಮ ದೇಶದಲ್ಲಿ ಹಬ್ಬಿದ ಎರಡು ಜಾತಿಗಳನ್ನು, ಅಂದರೆ ಮೊನಕ್ಯಾಂತಾ ಮತ್ತು ಡಿಲೇನಿಯೈ ಎಂಬುವನ್ನು, ಈಗಿನ ಪಾಪಾಸುಕಳ್ಳಿ ಗುಂಪಿನಲ್ಲಿ ಬೇರೆ ಬೇರೆಯಾಗಿ ನಿಲ್ಲಿಸಿದ್ದು ಹಾವರ್ತ್‌ನ 1819ರ ಪೂರಕ ಗ್ರಂಥ.

ಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ಬರುತ್ತದೆ. ಆ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳು ತಂದರು. ತಂದದ್ದು ಬಣ್ಣದ ಹುಳು ಆಗಿರಲಿಲ್ಲ, ಅದನ್ನೇ ಹೋಲುವ ಕಾಡು ಜಾತಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆದರೆ ಆ ಹುಳು ಮೊನಕ್ಯಾಂತಾ ಕಳ್ಳಿಯನ್ನು ತಿಂದು ನಾಶ ಮಾಡುವುದು ಕಂಡುಬಂತು. 1836ರಿಂದ 1838ರ ನಡುವೆ ಅದನ್ನು ದಕ್ಷಿಣ ಭಾರತಕ್ಕೂ ತಂದು ಬಿಟ್ಟರು. ಆ ಕಳ್ಳಿ ಬಗ್ಗಿತು. ಕಳೆಯನ್ನು ಹುಳುವಿನಿಂದ ಹತೋಟಿಗೆ ತಂದ ಮೊದಲ ಉದಾಹರಣೆ ಎಂದು ಇದನ್ನು ಜಗತ್ತಿನ ಕೃಷಿ ಗ್ರಂಥಗಳು ಇಂದಿಗೂ ಹೇಳುತ್ತವೆ.

ಆದರೆ ಡಿಲೇನಿಯೈ ಕಳ್ಳಿಯನ್ನು ಅದೇ ಹುಳು ಮುಟ್ಟಲಿಲ್ಲ. ನೋಡುವವರ ಕಣ್ಣಿಗೆ ಎರಡೂ ಪಾಪಾಸುಕಳ್ಳಿಯೇ, ಹುಳುವಿಗೆ ಅಲ್ಲ. ಆ ಕಳ್ಳಿ ಗೋಮಾಳ, ಬೀಳು, ಬೇಲಿಗಳನ್ನು ಆಕ್ರಮಿಸುತ್ತಲೇ ಹೋಯಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಕೊಚಿನೀಲ್ ಹುಳು ತಂದ ಮೇಲೆಯೇ ಅದು ಹತೋಟಿಗೆ ಬಂತು. ಯಾವ ಕಳ್ಳಿ, ಯಾವ ಹುಳು ಎಂದು ಬೇರ್ಪಡಿಸಿ ತಿಳಿಯುವುದು ಎಷ್ಟು ಮುಖ್ಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗದು. ಇದನ್ನು ನೋಡಲು ಹಾವರ್ತ್ ಬದುಕಿರಲಿಲ್ಲ.

ಪತಂಗಗಳ ಕೆಲಸ, ಕೊನೆಯ ದಿನಗಳು

ಗಿಡಗಳ ಜೊತೆಗೇ ಹಾವರ್ತ್ ಕೀಟಗಳ ಅಭ್ಯಾಸವನ್ನೂ ನಡೆಸಿದ. ಬ್ರಿಟನ್ನಿನ ಚಿಟ್ಟೆ ಮತ್ತು ಪತಂಗಗಳನ್ನು ಕುರಿತ ಅವನ ಗ್ರಂಥ 1803ರಿಂದ 1828ರವರೆಗೆ, 25 ವರ್ಷಗಳಲ್ಲಿ ಭಾಗಭಾಗವಾಗಿ ಹೊರಬಂತು. 1857ರಲ್ಲಿ ಸ್ಟೇಂಟನ್ ಎಂಬಾತನ ಕೈಪಿಡಿ ಬರುವವರೆಗೆ ಆ ವಿಷಯದಲ್ಲಿ ಅದೇ ಪ್ರಮಾಣ. ಸೀಗಡಿ, ಏಡಿಗಳ ಬಗ್ಗೆಯೂ ಆತ ಬರೆದ. 1812ರಲ್ಲಿ ಹಲ್ ಪಟ್ಟಣದ ಬಳಿಯ ಕಾಟಿಂಗ್‌ಹ್ಯಾಮ್‌ಗೆ ಮನೆ ಬದಲಿಸಿ, ಹಲ್‌ನ ಸಸ್ಯೋದ್ಯಾನ ಕಟ್ಟಲು ನೆರವಾದ. 1817ರಲ್ಲಿ ಮತ್ತೆ ಚೆಲ್ಸಿಗೆ ಮರಳಿದ.

ಅವನ ಕೆಲಸದಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಅಲ್ಪಸ್ವಲ್ಪ ವ್ಯತ್ಯಾಸ ಕಂಡರೂ ಬೇರೆ ಜಾತಿ ಎಂದು ಹೆಸರಿಡುತ್ತಿದ್ದ. ಒಂದೇ ಗಿಡ ಬಿಸಿಲಲ್ಲಿ ಒಂದು ರೀತಿ, ನೆರಳಲ್ಲಿ ಇನ್ನೊಂದು ರೀತಿ ಬೆಳೆಯುತ್ತದೆ ಎಂಬುದು ನಿಮಗೆ ಗೊತ್ತು. ಹೀಗಾಗಿ ಅವನು ಕೊಟ್ಟ ಹೆಸರುಗಳಲ್ಲಿ ಹಲವನ್ನು ಮುಂದಿನವರು ಒಂದರೊಳಗೊಂದು ಸೇರಿಸಬೇಕಾಯಿತು. ಅವನ ವರ್ಣನೆಗಳು ಲ್ಯಾಟಿನ್ ಭಾಷೆಯಲ್ಲಿ ಚುಟುಕಾಗಿದ್ದವು, ಜೊತೆಗೆ ಚಿತ್ರಗಳಿರಲಿಲ್ಲ. ಪುಣ್ಯಕ್ಕೆ ಕ್ಯೂ ತೋಟದಲ್ಲಿ ಥಾಮಸ್ ಡಂಕನ್‌ಸನ್ ಮತ್ತು ಜಾರ್ಜ್ ಬಾಂಡ್ ಎಂಬಿಬ್ಬರು 1822ರ ನಂತರ ಅಲ್ಲಿನ ಗಿಡಗಳನ್ನು ನೋಡಿ ನೋಡಿ ಬಣ್ಣದಲ್ಲಿ ಬರೆದರು. ಹಾವರ್ತ್ ವರ್ಣಿಸಿದ ಗಿಡ ಯಾವುದೆಂದು ತಿಳಿಯಲು ಪಂಡಿತರು ಆ ಚಿತ್ರಗಳ ನೆರವು ಪಡೆಯುತ್ತಾರೆ.

1831ರಲ್ಲಿ ಕಾಲರಾ ಬೇನೆ ಇಂಗ್ಲೆಂಡಿಗೆ ಕಾಲಿಟ್ಟಿತು. 1833ರ ಆಗಸ್ಟ್ 24ರಂದು ಚೆಲ್ಸಿಯಲ್ಲಿ ಹಾವರ್ತ್ ಅದೇ ಬೇನೆಗೆ ಬಲಿಯಾದ. ವಯಸ್ಸು 66.

ಬೆಳೆಸುವ ಕ್ರಮ

ಈಗ ನಿಮ್ಮ ಮನೆಯ ಕುಂಡದ ಮಾತು. ಗಿಡದ ತವರು ಹೇಗಿದೆಯೋ ಹಾಗೆ ಆರೈಕೆ ಇರಬೇಕು. ಪೂರ್ವ ಕೇಪ್‌ನಲ್ಲಿ ಇದು ಕಲ್ಲುಗಳ ಸಂದಿನಲ್ಲಿ, ಪೊದೆಗಳ ನೆರಳಿನಲ್ಲಿ ಬೆಳೆಯುತ್ತದೆ. ಆದ್ದರಿಂದ ಬೆಳಕು ಚೆನ್ನಾಗಿ ಬೇಕು, ನಡುಹಗಲಿನ ಉರಿಬಿಸಿಲು ಬೇಡ. ಪೂರ್ವದ ಕಿಟಕಿ, ಜಗಲಿಯ ಅಂಚು ಒಳ್ಳೆಯದು. ಬಿಸಿಲು ಹೆಚ್ಚಾದರೆ ಎಲೆ ಕೆಂಪಗೆ ತಿರುಗುತ್ತದೆ. ಬೆಳಕು ಸಾಲದಿದ್ದರೆ ಎಲೆಗಳು ಉದ್ದುದ್ದವಾಗಿ ಸಡಿಲಗೊಂಡು ಪಟ್ಟೆ ಮಂಕಾಗುತ್ತದೆ.

ಮಣ್ಣು ನೀರು ಹಿಡಿದಿಡಬಾರದು. ಎರೆಮಣ್ಣು ಇದಕ್ಕೆ ಸಲ್ಲದು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಸಣ್ಣ ಇಟ್ಟಿಗೆ ಚೂರು ಸೇರಿಸಿ, ಒಂದು ಹಿಡಿ ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ. ಹಸಿ ಸಗಣಿ ಗೊಬ್ಬರ ಹಾಕಬೇಡಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಸುಟ್ಟ ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು, ಅದರ ಮೈ ತೇವವನ್ನು ಹೀರಿ ಹೊರಗೆ ಬಿಡುತ್ತದೆ.

ಬೆರಳನ್ನು ಮಣ್ಣಿನೊಳಗೆ ತೂರಿಸಿ ನೋಡಿ. ಒಳಗೂ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬೇಕಾದೀತು, ಮಳೆಗಾಲದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕುಂಡವನ್ನು ಸೂರಿನ ನೀರು ಬೀಳದ ಕಡೆ ಇಡಿ. ಮಲೆನಾಡು, ಕರಾವಳಿಯವರು ಇದನ್ನು ಮರೆಯಬಾರದು. ಎಲೆಗಳ ನಡುವೆ ನೀರು ನಿಂತರೆ ಸುಳಿ ಕೊಳೆಯುತ್ತದೆ. ಈ ಗಿಡ ನೀರಿಲ್ಲದೆ ಸಾಯುವುದು ಅಪರೂಪ. ಸಾಯುವುದು ನೀರು ಹೆಚ್ಚಾಗಿ.

ಎಲೆಯ ಬುಡ ಮೆತ್ತಗಾಗಿ ಗಿಡ ಅಲುಗಾಡಿದರೆ ಬೇರು ಕೊಳೆತಿದೆ ಎಂದು ತಿಳಿಯಿರಿ. ಗಿಡ ಕಿತ್ತು, ಕೊಳೆತ ಭಾಗವನ್ನು ಹರಿತವಾದ ಚಾಕುವಿನಿಂದ ಕೊಯ್ದು ತೆಗೆದು, ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ, ಹೊಸ ಮಣ್ಣಿಗೆ ನೆಡಿ. ಎಲೆಗಳ ಸಂದಿನಲ್ಲಿ ಹತ್ತಿಯಂತಹ ಬಿಳಿ ಮುದ್ದೆ ಕಂಡರೆ ಅದು ಹಿಟ್ಟುತಿಗಣೆ. ಪಟ್ಟೆಯ ಬಿಳುಪಿನ ನಡುವೆ ಬೇಗ ಕಣ್ಣಿಗೆ ಬೀಳದು, ಹುಡುಕಿ ನೋಡಬೇಕು. ಕಡ್ಡಿಗೆ ಹತ್ತಿ ಸುತ್ತಿ ಸಾಬೂನು ನೀರಿನಲ್ಲಿ ಅದ್ದಿ ಒರೆಸಿ ತೆಗೆಯಿರಿ.

ಸಸ್ಯಾಭಿವೃದ್ಧಿ ಬಾಳೆಯಂತೆಯೇ. ತಾಯಿಗಿಡದ ಬುಡದಲ್ಲಿ ಕಂದುಗಳು ಏಳುತ್ತವೆ. ಕಂದಿಗೆ ತನ್ನದೇ ಬೇರು ಬಂದ ಮೇಲೆ ಬಿಡಿಸಿ, ಗಾಯ ಒಣಗಲು ಎರಡು ದಿನ ಬಿಟ್ಟು ನೆಡಿ. ನೆಟ್ಟ ಕೂಡಲೇ ನೀರು ಹಾಕಬೇಡಿ, ನಾಲ್ಕಾರು ದಿನ ತಡೆಯಿರಿ. ಬೆಳವಣಿಗೆ ನಿಧಾನ, ಆತುರ ಪಡಬಾರದು. ಪೇಟೆಗೆ ಹತ್ತಿರವಿರುವ ಊರಿನವರು ಮನೆಮಟ್ಟಿಗೆ ಹತ್ತಾರು ಕುಂಡ ಮಾಡಿ ನರ್ಸರಿಗೆ ಕೊಡಲೂಬಹುದು. ಕೊಡುವಾಗ ಒಳಮೈ ಸವರಿ ನೋಡಿ ಸರಿಯಾದ ಹೆಸರನ್ನೇ ಚೀಟಿಯಲ್ಲಿ ಬರೆಯಿರಿ.

ಮುಂದೆ ನಿಮ್ಮ ಹೊಲದಲ್ಲಿ ಹೊಸ ಕಳೆಯೊಂದು ಕಂಡರೆ, ಇಲ್ಲವೇ ಪೈರಿನಲ್ಲಿ ಗುರುತಿಲ್ಲದ ಹುಳು ಕಂಡರೆ, ಔಷಧಿ ಅಂಗಡಿಗೆ ಓಡುವ ಮೊದಲು ಅದು ಯಾವುದೆಂದು ಸರಿಯಾಗಿ ತಿಳಿದುಕೊಳ್ಳಿ. ಹಿಂದೆ ಮುಂದೆ ತಿರುಗಿಸಿ ನೋಡಿ, ಮುಟ್ಟಿ ನೋಡಿ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ನೋಡಿ. ನಿಮಗೆ ತಿಳಿಯದಿದ್ದರೆ ಕೃಷಿ ಇಲಾಖೆಯವರಿಗೆ ತೋರಿಸಿ. ಹೆಸರು ತಿಳಿದ ಮೇಲೆ ಮದ್ದು ಹುಡುಕುವುದು ಸುಲಭ.